ಎಲ್ಲೆ ತೂಕ

ನನಗಾಗ ಏಳು ವರ್ಷ. ಕೊಯ್ಲು ಮುಗಿದ ಗದ್ದೆಯಲ್ಲಿ ಬಯಲಾಟ, ಪ್ರಸಂಗ ಗದಾಯುದ್ಧ. ಅಜ್ಜನ ತೊಡೆಯ ಮೇಲೆ ತಲೆಯಿಟ್ಟು ಅರ್ಧ ರಾತ್ರಿಗೇ ನಿದ್ದೆ ಹೋದವಳಿಗೆ ಚೆಂಡೆಯ ಪೆಟ್ಟಿಗೆ ಎಚ್ಚರವಾಯಿತು. ರಂಗಸ್ಥಳದಲ್ಲಿ ಕೌರವ ಕೊಳದಿಂದ ಎದ್ದು ಬಂದಾಗಿತ್ತು. ಭೀಮನ ವೇಷ ಮಾತಿನ ನಡುವೆ ಒಂದು ಶಬ್ದವನ್ನು ಗದೆ ಕುಟ್ಟಿ ಹೇಳಿತು: ಊರುಭಂಗ.

"ಯಾವ ಊರು ಅಜ್ಜ? ಯಾರು ಮುರಿದದ್ದು?" ಎಂದು ಶಾಲಿನೊಳಗಿಂದಲೇ ಕೇಳಿದೆ.

ಅಜ್ಜ ಆಗ ಏನೂ ಹೇಳಲಿಲ್ಲ. ಮಂಗಳ ಹಾಡಿ, ಬೆಳಕು ಹರಿದು, ನಾವು ಮನೆ ಕಡೆ ನಡೆಯುತ್ತ ತೋಡಿನ ಸಂಕ ದಾಟುವಾಗ ಹೇಳಿದರು: "ಅದು ಸಂಸ್ಕೃತದ ಊರು ಮಗಾ. ಊರು ಅಂದರೆ ತೊಡೆ. ನಮ್ಮ ಊರಲ್ಲ." ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ, ನನಗೆ ಹೇಳಿದ್ದೋ ತೋಡಿಗೆ ಹೇಳಿದ್ದೋ, "ನಮ್ಮದೂ ಮುರಿದದ್ದೇ" ಎಂದರು.

ಆ ಎರಡನೇ ಮಾತು ಅರ್ಥವಾಗಲು ನನಗೆ ಹತ್ತು ವರ್ಷ ಬೇಕಾಯಿತು. ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ವರದಿ ವರದಿಯಾಗಿಯೇ ಉಳಿಯಿತು. ಇಷ್ಟು ನಮ್ಮ ಕಡೆಯ ಪ್ರತಿ ಮನೆಯಲ್ಲೂ ಗೊತ್ತಿರುವ ಸಂಗತಿ. ನಾನಿಲ್ಲಿ ಹೇಳಹೊರಟದ್ದು ಮೊದಲನೇ ಮಾತಿನ ಬಗ್ಗೆ. ಒಂದೇ ಊರು, ಒಂದು ಬಾಯಲ್ಲಿ ತೊಡೆ, ಇನ್ನೊಂದು ಬಾಯಲ್ಲಿ ಮನೆಮಠ ಇರುವ ಜಾಗ. ಎರಡಕ್ಕೂ ಅಪ್ಪ ಅಮ್ಮ ಬೇರೆ, ಕುಲ ಬೇರೆ. ಆದರೂ ಮುಖ ಒಂದೇ.

ಸಂಸ್ಕೃತದ ಊರುವಿಗೆ ದೊಡ್ಡ ಪರಿವಾರವೇ ಇದೆ. ನಾರಾಯಣ ಋಷಿಯ ಊರುವಿನಿಂದ ಹುಟ್ಟಿದವಳೇ ಊರ್ವಶಿ ಎಂದು ಪುರಾಣದವರು ಹೇಳುತ್ತಾರೆ. ಭಾಸನ ನಾಟಕವೊಂದರ ಹೆಸರೇ ಊರುಭಂಗ. ಕಾಲಕಾಲಕ್ಕೆ ಹೆಸರು ಮಾತ್ರ ಕೇಳಿಬರುತ್ತಿದ್ದ ಆ ನಾಟಕಗಳ ಓಲೆಗಳು ಟಿ. ಗಣಪತಿ ಶಾಸ್ತ್ರಿಗಳ ಕೈಗೆ ಸಿಕ್ಕಿ 1912ರಿಂದ ತಿರುವನಂತಪುರದಲ್ಲಿ ಅಚ್ಚಾದವು. ಓಲೆಗಳಿದ್ದದ್ದು ಮಲಯಾಳ ಲಿಪಿಯಲ್ಲಿ. ಅಂದರೆ ಸಂಸ್ಕೃತದ ತೊಡೆ ಶತಮಾನಗಟ್ಟಲೆ ಮಲಯಾಳದ ಅಕ್ಷರ ತೊಟ್ಟು, ಊರು ಎಂದರೆ ಊರೇ ಆಗಿದ್ದ ಜನರ ಮನೆಯ ಅಟ್ಟದಲ್ಲಿ ಮಲಗಿತ್ತು. ಇದು ನೆನಪಾದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಕನ್ನಡದ ಊರೂ ಒಂಟಿಯಲ್ಲ. ಕಾಲು ಊರಿ ನಿಲ್ಲುತ್ತೇವೆ, ಮುದುಕರಾದರೆ ಊರುಗೋಲು ಹಿಡಿಯುತ್ತೇವೆ. ಹಲಸಿನಹಣ್ಣಿನ ಪರಿಮಳಕ್ಕೆ ಬಾಯಲ್ಲಿ ನೀರೂರುತ್ತದೆ. ಈ ನೀರೂರುವ ಊರಿಗೆ ಹಳಗನ್ನಡದಲ್ಲಿ ಬೇರೆಯೇ ರೇಫ ಇತ್ತು, ಶಕಟರೇಫ: ಊಱು. ಕನ್ನಡ ಆ ಅಕ್ಷರವನ್ನು ಕೈಬಿಟ್ಟಿತು, ಬಿಟ್ಟದ್ದೇ ಎರಡು ಶಬ್ದಗಳು ಒಂದರ ಮೇಲೊಂದು ಬಂದು ಕೂತವು. ಮಲಯಾಳ ಇವತ್ತಿಗೂ ಆ ರೇಫವನ್ನು ಉಳಿಸಿಕೊಂಡಿದೆ. ನಮ್ಮ ಪಕ್ಕದ ಮನೆಯ ಹುಡುಗ ಊರು ಅಂದಾಗ ಒಂದು ರ, ಒರತೆ ಊರುವುದಕ್ಕೆ ಇನ್ನೊಂದು ರ. ಹಳಗನ್ನಡ ಪಾಠ ಮಾಡುವಾಗ ಶಕಟರೇಫವನ್ನು ಉಚ್ಚರಿಸಿ ತೋರಿಸಲು ನನಗೆ ಬಾರದು. ತರಗತಿಯಲ್ಲಿ ಮಲಯಾಳ ಮನೆಮಾತಿನ ಮಗು ಇದ್ದರೆ ಅದರ ಬಾಯಿಂದಲೇ ಕೇಳಿಸುತ್ತೇನೆ. ನಾವು ಕಳೆದುಕೊಂಡದ್ದನ್ನು ನೆರೆಮನೆಯವರು ಜೋಪಾನ ಮಾಡಿದ್ದಾರೆ.

ಅದೇ ಮಲಯಾಳದಲ್ಲಿ ಇನ್ನೊಂದು ಊರುವುದಿದೆ. ದೇವಸ್ಥಾನದ ಬಾಗಿಲಲ್ಲಿ "ಚೆರಿಪ್ಪ್ ಊರಣಂ" ಎಂದರೆ ಚಪ್ಪಲಿ ಕಳಚಬೇಕು ಎಂದರ್ಥ. ಉಂಗುರ ಊರಿತು ಎಂದರೆ ಬೆರಳಿಂದ ಜಾರಿ ಬಂತು. ನಾವು ಊರುವುದು ನೆಲೆಗೊಳ್ಳುವುದಕ್ಕೆ, ಅವರು ಊರುವುದು ಕಳಚಿಕೊಳ್ಳುವುದಕ್ಕೆ. ನಮ್ಮೂರಿನ ಬದುಕಿಗೆ ಈ ಎರಡೂ ಅರ್ಥ ಬೇಕಾದದ್ದೇ.

ಅಜ್ಜಿಯ ಕಥೆ ಹೇಳಬೇಕು.

ಅಜ್ಜಿಗೆ ಮಳೆಗಾಲದಲ್ಲಿ ಹುಷಾರು ತಪ್ಪಿ ಪೇಟೆಯ ಆಸ್ಪತ್ರೆಗೆ ಸೇರಿಸಿದ್ದೆವು. ಕೇರಳದ ತೆಂಕಣ ಜಿಲ್ಲೆಯಿಂದ ಬಂದ ಎಳೆಯ ನರ್ಸ್ ಬಂದು ಹಣೆ ಮುಟ್ಟುವ ಮೊದಲು ಪ್ರೀತಿಯಿಂದಲೇ ಕೇಳಿದಳು: "ಅಮ್ಮೇ, ಪನಿ ಉಂಡೋ?"

ಅಜ್ಜಿ ಕಿಟಕಿ ಕಡೆ ನೋಡಿದರು. ಅವರಿಗೆ ಮನೆಮಾತು ಕನ್ನಡ, ಅಂಗಳದ ಮಾತು ತುಳು. ತುಳುವಿನಲ್ಲಿ ಪನಿ ಎಂದರೆ ತುಂತುರು ಮಳೆ. ಹೊರಗೆ ಬಿಸಿಲು ಬಿದ್ದಿತ್ತು. "ಇಲ್ಲ ಮಗಾ, ಈಗಷ್ಟೇ ಬಿಟ್ಟಿತು" ಎಂದರು. ನರ್ಸ್ ಚೀಟಿಯಲ್ಲಿ ಇಲ್ಲ ಎಂದು ಬರೆದುಕೊಂಡು ಹೋದಳು. ಅಜ್ಜಿಯ ಮೈ ಸುಡುತ್ತಿತ್ತು. ಮಲಯಾಳದಲ್ಲಿ ಪನಿ ಎಂದರೆ ಜ್ವರ. ನಾನು ಔಷಧದ ಅಂಗಡಿಯಿಂದ ವಾಪಸು ಬಂದು ವಿಷಯ ತಿಳಿಯುವಾಗ ಒಂದು ಗಂಟೆ ಕಳೆದಿತ್ತು. ಇಬ್ಬರದೂ ತಪ್ಪಿರಲಿಲ್ಲ. ಇಬ್ಬರೂ ಒಂದೇ ಶಬ್ದವನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದರು.

ಆ ಸಂಜೆ ಪಕ್ಕದ ಮಂಚದ ಹೆಂಗಸು, ಉಪ್ಪಳ ಕಡೆಯ ಉರ್ದು ಮನೆಯವರು, ತಮ್ಮ ಮಗಳನ್ನು ಕೂಗಿ "ಪಾನಿ" ಕೇಳಿದರು. ಮಗಳು ನೀರು ಕೊಟ್ಟಳು. ಒಂದೇ ಕೋಣೆಯಲ್ಲಿ ಮೂರು: ಜ್ವರದ ಪನಿ, ತುಂತುರಿನ ಪನಿ, ಕುಡಿಯುವ ಪಾನಿ.

ಯಾರಾದರೂ ಥಟ್ಟನೆ ಏನು ಹೇಳಿಯಾರು? ತುಂತುರೂ ನೀರೇ, ಪಾನಿಯೂ ನೀರೇ, ಹಾಗಾಗಿ ಅವೆರಡು ಅಕ್ಕ ತಂಗಿ, ಜ್ವರ ಮಾತ್ರ ಹೊರಗಿನದು ಎನ್ನುವರು. ನಿಜ ಅದರ ತಲೆಕೆಳಗು. ಪಾನಿ ಸಂಸ್ಕೃತದ ಪಾನೀಯದಿಂದ ಬಂದದ್ದು. ಪಾ ಎಂದರೆ ಕುಡಿ, ಪಾನೀಯ ಎಂದರೆ ಕುಡಿಯಲು ತಕ್ಕದ್ದು. ನಮ್ಮ ಪನಿಗೂ ಅದಕ್ಕೂ ರಕ್ತಸಂಬಂಧವಿಲ್ಲ. ತುಳುವಿನಲ್ಲಿ ತುಂತುರಾದ ಪನಿ, ಕನ್ನಡದ ಹನಿ, ತಮಿಳಿನಲ್ಲಿ ಇಬ್ಬನಿಯಾದ ಪನಿ, ಮಲಯಾಳದಲ್ಲಿ ಜ್ವರವಾದ ಪನಿ ಇವೆಲ್ಲ ಒಂದೇ ಬೇರಿನವು. ಇಬ್ಬನಿ ಬಿದ್ದರೆ ಚಳಿ, ಚಳಿಯಾದರೆ ನಡುಕ, ನಡುಕ ಬಂದರೆ ಜ್ವರ. ನಾವೂ ಚಳಿಜ್ವರ ಅನ್ನುತ್ತೇವಲ್ಲ, ಅದೇ ದಾರಿ. ಅರ್ಥದಲ್ಲಿ ಹತ್ತಿರ ಕಂಡದ್ದು ಪರಕೀಯ, ದೂರ ಕಂಡದ್ದು ಒಡಹುಟ್ಟು. ಅಜ್ಜಿಯ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತ ಆ ರಾತ್ರಿ ಇದನ್ನೇ ಯೋಚಿಸಿದೆ. ಬಟ್ಟೆಯಿಂದ ಹನಿ ಇಳಿಯುತ್ತಿತ್ತು, ಕೆಳಗೆ ಪನಿ ಸುಡುತ್ತಿತ್ತು.

ಹಾಗಾದರೆ ಒಡಹುಟ್ಟು ಯಾವುದು, ಬರೀ ಮುಖಹೋಲಿಕೆ ಯಾವುದು ಎಂದು ತಿಳಿಯುವುದು ಹೇಗೆ? ಭಾಷಾಶಾಸ್ತ್ರದವರು ಒಂದು ಜೋಡಿಯನ್ನು ನಂಬುವುದಿಲ್ಲ, ಸಾಲನ್ನು ಕೇಳುತ್ತಾರೆ. ಹಳಗನ್ನಡದ ಪಾಲ್ ನಮ್ಮ ಬಾಯಲ್ಲಿ ಹಾಲಾಯಿತು, ಪೂ ಹೂವಾಯಿತು, ಪಲ್ ಹಲ್ಲಾಯಿತು, ಪನಿ ಹನಿಯಾಯಿತು. ಮಲಯಾಳದಲ್ಲಿ ಪಕಾರ ಹಾಗೇ ನಿಂತಿದೆ: ಪಾಲ್, ಪೂ, ಪಲ್ಲ್, ಪನಿ. ಸುಮಾರು ಹತ್ತನೇ ಶತಮಾನದಿಂದ ಶುರುವಾಗಿ ಕೆಲವು ಶತಮಾನಗಳಲ್ಲಿ ಕನ್ನಡದ ಪದಾದಿ ಪಕಾರ ಹೀಗೆ ಸಾಲಾಗಿ ಹಕಾರವಾಗಿದೆ. ಒಂದು ಶಬ್ದ ಹೋಲುವುದು ಆಕಸ್ಮಿಕ ಇರಬಹುದು. ನೂರು ಶಬ್ದ ಒಂದೇ ಹೆಜ್ಜೆ ಹಾಕಿದರೆ ಅದು ವಂಶ.

ಆಕಸ್ಮಿಕ ಎಷ್ಟರ ಮಟ್ಟಿಗೆ ಹೋಗಬಹುದು ಎನ್ನುವುದಕ್ಕೆ ಆಸ್ಟ್ರೇಲಿಯಾದ ಒಂದು ಸಂಗತಿ ನನಗೆ ಬಹಳ ಇಷ್ಟ. ಅಲ್ಲಿನ ಕ್ವೀನ್ಸ್‌ಲ್ಯಾಂಡಿನ ಮ್ಬಾಬರಂ ಎಂಬ ಮೂಲನಿವಾಸಿಗಳ ಭಾಷೆಯನ್ನು ಆರ್. ಎಂ. ಡಬ್ಲ್ಯು. ಡಿಕ್ಸನ್ 1960ರ ದಶಕದಲ್ಲಿ ಅದರ ಕೊನೆಯ ಮಾತುಗಾರರಿಂದ ಬರೆದುಕೊಂಡರು. ನಾಯಿಗೆ ಏನನ್ನುತ್ತೀರಿ ಎಂದರೆ ಬಂದ ಉತ್ತರ: ಡಾಗ್. ಇಂಗ್ಲಿಷಿನಿಂದ ಪಡೆದದ್ದಲ್ಲ. ಗುಡಗ ಎಂಬ ಹಳೆಯ ರೂಪ ಮೊದಲಕ್ಷರ ಕಳಚಿಕೊಂಡು, ಆ ಭಾಷೆಯದೇ ನಿಯಮದ ಪ್ರಕಾರ ಬದಲಾಗುತ್ತ ಬಂದು ಅಲ್ಲಿಗೆ ನಿಂತಿತ್ತು. ಶಬ್ದ ಒಂದೇ, ಅರ್ಥವೂ ಒಂದೇ, ಸಂಬಂಧ ಸೊನ್ನೆ. ಅಷ್ಟು ದೂರ ಏಕೆ, ನಾವು ದಿನಾ ಬೈಯುವ ಬದ್ಮಾಶಿನೊಳಗಿನ ಫಾರಸಿ ಬದ್ ಎಂದರೂ ಕೆಟ್ಟದ್ದು, ಇಂಗ್ಲಿಷಿನ ಬ್ಯಾಡ್ ಎಂದರೂ ಕೆಟ್ಟದ್ದು. ಅವೆರಡಕ್ಕೂ ನೆಂಟಸ್ತಿಕೆಯಿಲ್ಲ.

ಇದನ್ನೆಲ್ಲ ತಿಳಿದುಕೊಳ್ಳಬೇಕಾದ ಅಗತ್ಯ ಬೇರೆ ಕಡೆಯವರಿಗೆ ಎಷ್ಟಿದೆಯೋ, ಕಾಸರಗೋಡಿನವರಿಗೆ ಖಂಡಿತ ಇದೆ. ಇಲ್ಲಿ ಶಬ್ದಗಳನ್ನು ಸಾಕ್ಷಿ ಕಟ್ಟೆಗೆ ಹತ್ತಿಸುವ ಅಭ್ಯಾಸ ಹಳೆಯದು. ಊರಿನ ಹೆಸರನ್ನೇ ನೋಡಿ. ಸಂಸ್ಕೃತದಲ್ಲಿ ಕಾಸಾರ ಎಂದರೆ ಸರೋವರ, ಹಾಗಾಗಿ ಇದು ಕೆರೆಗಳ ನಾಡು ಎಂದು ಕೆಲವರು. ಕಾಸರಕನ ಮರ, ಮಲಯಾಳದವರ ಕಾಂಜಿರ, ದಂಡಿಯಾಗಿ ಬೆಳೆಯುತ್ತಿದ್ದ ಕೋಡು ಎಂದು ಇನ್ನು ಕೆಲವರು. ನಾನು ಮರದ ಪಕ್ಷ. ಕಾಸಾರದಲ್ಲಿ ಸಾ ದೀರ್ಘ, ಕಾಸರಗೋಡಿನಲ್ಲಿ ಸ ಹ್ರಸ್ವ. ಕಹಿಯಾದ ಕಾಸರಕನ ಬೀಜಕ್ಕಿಂತ ಸರೋವರ ಕೇಳಲು ಚಂದ ನಿಜ, ಆದರೆ ಚಂದಕ್ಕಾಗಿ ದೀರ್ಘವನ್ನು ಹ್ರಸ್ವ ಮಾಡಲಾಗದು. ಮಲಯಾಳದಲ್ಲಿ ಈ ಹೆಸರನ್ನು ಕಾಸರಗೋಡ್, ಕಾಸರ್ಗೋಡ್, ಕಾಸರ್ಕೋಡ್ ಎಂದು ಮೂರು ಬಗೆಯಲ್ಲಿ ಬರೆದದ್ದು ಕಂಡಿದ್ದೇನೆ. ಪ್ರತಿ ಬರಹವೂ ಊರನ್ನು ತನ್ನ ಕಡೆಗೆ ಒಂದಿಷ್ಟು ಎಳೆಯುತ್ತದೆ. ಬೋರ್ಡಿನಲ್ಲಿ ಮಂಜೇಶ್ವರಕ್ಕೆ ಒಂದು ಅನುಸ್ವಾರ ಸೇರಿ ಮಂಜೇಶ್ವರಂ ಆದಾಗ ನಮ್ಮ ಹಿರಿಯರಿಗೆ ಆಗುವ ನೋವು ಸುಳ್ಳಲ್ಲ. ಅದು ಒಂದು ಸೊನ್ನೆಯ ಪ್ರಶ್ನೆ ಮಾತ್ರ ಎಂದು ನಾನು ಹೇಳಲಾರೆ.

ಇದೇ ಕರಾವಳಿಗೆ ತಂದು ಕಟ್ಟುವ ಇನ್ನೊಂದು ಪ್ರಸಿದ್ಧ ಸಾಕ್ಷಿ ಗ್ರೀಕ್ ಪ್ರಹಸನದ್ದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ 413ನೇ ಸಂಖ್ಯೆಯ ಪಪೈರಸ್ 1903ರಲ್ಲಿ ಅಚ್ಚಾಯಿತು. ಕ್ರಿ.ಶ. 2ನೇ ಶತಮಾನದ ಬರಹ. ಕ್ಯಾರಿಟಿಯನ್ ಎಂಬ ಗ್ರೀಕ್ ಹೆಣ್ಣು ಭಾರತದ ಯಾವುದೋ ಕಡಲತಡಿಯಲ್ಲಿ ಸೆರೆಯಾಗಿದ್ದಾಳೆ, ಅಣ್ಣನೂ ಸಂಗಡಿಗರೂ ಬಂದು ಅಲ್ಲಿನ ಅರಸನಿಗೆ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅರಸನೂ ಅವನ ಕಡೆಯವರೂ ಗ್ರೀಕಲ್ಲದ ಏನೋ ಮಾತಾಡುತ್ತಾರೆ. ಅದು ಕನ್ನಡ ಎಂದು ಶಾಸನತಜ್ಞ ಹುಲ್ಟ್ಶ್ 1904ರಲ್ಲಿ ಬರೆದರು. ಅವರು ಓದಿದ ಒಂದು ಸಾಲು: ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ. ಮುಂದೆ ಕೆಲವರು ಅದು ತುಳು ಎಂದರು. ಬರೀ ನಗಿಸಲು ಹೊಂದಿಸಿದ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಅಷ್ಟು ಹಿಂದೆ, ಅಷ್ಟು ದೂರದಲ್ಲಿ, ಮರಳಲ್ಲಿ ಹೂತ ಹಾಳೆಯಲ್ಲಿ ನಮ್ಮ ಮಾತು! ಮನಸ್ಸು ಈಗಲೂ ಹೌದೆನ್ನಲು ಕಾದಿದೆ. ಆದರೆ ಆ ಹಾಕಿಯ ಹಕಾರ ನನ್ನನ್ನು ತಡೆಯುತ್ತದೆ. 2ನೇ ಶತಮಾನದಲ್ಲಿ ಹಾಲು ಇನ್ನೂ ಪಾಲಾಗಿತ್ತು, ಹೂವು ಪೂವಾಗಿತ್ತು. ಅರಸನ ಬಾಯಲ್ಲಿ ಹಾಕಿ ಮಾತ್ರ ಎಂಟು ಶತಮಾನ ಮೊದಲೇ ಹೇಗೆ ಬಂತು? ನಮ್ಮ ಕಿವಿ ತನಗೆ ಬೇಕಾದದ್ದನ್ನು ಕೇಳಿಸಿಕೊಳ್ಳುತ್ತದೆ, ಅಜ್ಜಿಗೆ ಮಳೆ ಕೇಳಿಸಿದ ಹಾಗೆ, ನನಗೆ ಮುರಿದ ಊರು ಕೇಳಿಸಿದ ಹಾಗೆ. ಮೆಸೊಪೊಟೇಮಿಯಾದ ಊರ್ ಎಂಬ ನಗರದ ಹೆಸರಲ್ಲಿ ಕನ್ನಡದ ಊರನ್ನು ಕಾಣುವವರಿಗೂ ನಾನು ಇದನ್ನೇ ಹೇಳುತ್ತೇನೆ: ಒಂದು ಜೋಡಿ ಸಾಲದು, ಸಾಲು ತೋರಿಸಿ.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಗೆ ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಕೊಂಕಣಿ ಮನೆಮಾತಿನ ಮನುಷ್ಯ ಕನ್ನಡದ ಕವಿಯಾದರು, 1949ರಲ್ಲಿ ಮದ್ರಾಸು ಸರ್ಕಾರದಿಂದ ರಾಷ್ಟ್ರಕವಿ ಎನಿಸಿಕೊಂಡರು, ಒಂದು ಶಬ್ದದ ಬೇರು ಹುಡುಕಲು ಹತ್ತಾರು ಭಾಷೆಗಳ ಕದ ತಟ್ಟಿದರು. ಮಕ್ಕಳಿಗೆ ನಾನು ಹೇಳುವುದು ಅವರ ಆ ತಾಳ್ಮೆಯನ್ನು.

ಆ ತಾಳ್ಮೆಯ ಪಾಠ ನನಗೆ ತರಗತಿಯಲ್ಲೇ ಸಿಕ್ಕಿದ್ದೂ ಇದೆ. ಐದನೇ ತರಗತಿಗೆ ಕನ್ನಡ ಮಾಡುತ್ತಿದ್ದೆ. "ಬರುತ್ತೇನೆ ಅಂತ ಹೇಳಿದ" ಎಂಬ ವಾಕ್ಯ ಬರೆಸಿದ್ದೆ. ಬ್ಯಾರಿ ಮನೆಯ ಹುಡುಗ, ಬೆಳಿಗ್ಗೆ ಮದ್ರಸ ಮುಗಿಸಿ ಬರುವವನು, ಕೈ ಎತ್ತಿದ. "ಟೀಚರ್, ಅಂತ ಅಂದರೆ ನೀನು ಅಲ್ವಾ?" ಅರಬಿಯಲ್ಲಿ ಅಂತ ಎಂದರೆ ನೀನು, ಗಂಡಸಿಗೆ. ಅವನಿಗೆ ನನ್ನ ವಾಕ್ಯ "ಬರುತ್ತೇನೆ, ನೀನು, ಹೇಳಿದ" ಎಂದು ಕೇಳಿಸಿರಬೇಕು. ಅವನ ಹಿಂದಿನ ಬೆಂಚಿನ ಹುಡುಗಿ, ರಜೆಯಲ್ಲಿ ಸಂಸ್ಕೃತ ಕಲಿಯುವವಳು, ಅಲ್ಲ, ಅಂತ ಅಂದರೆ ಕೊನೆ ಎಂದಳು. ಇಬ್ಬರೂ ನನ್ನ ಮುಖ ನೋಡಿದರು.

ಆ ದಿನದ ಪಾಠ ಅಲ್ಲಿಗೇ ನಿಂತಿತು. ಬೋರ್ಡಿನ ಮೇಲೆ ಅಂತ ಎಂದು ದೊಡ್ಡದಾಗಿ ಬರೆದೆ. ಕನ್ನಡದ್ದು ಅನ್ನು ಎಂಬ ಮಾತಿನಿಂದ ಬಂದದ್ದು, ಬೇರೆಯವರ ಮಾತನ್ನು ನಮ್ಮ ಬಾಯಲ್ಲಿ ಒಯ್ಯುವ ಗಾಡಿ. ಸಂಸ್ಕೃತದ್ದು ಕೊನೆ, ಅಂಚು, ಗಡಿ. ಅರಬಿಯದ್ದು ಎದುರಿಗೆ ನಿಂತ ನೀನು. ಮೂರಕ್ಕೂ ನಂಟಿಲ್ಲ. ನಂಟಿರುವುದು ಯಾರೂ ಊಹಿಸದ ಕಡೆ: ಇಂಗ್ಲಿಷಿನ ಎಂಡ್ ಮತ್ತು ಸಂಸ್ಕೃತದ ಅಂತ ಒಂದೇ ಮೂಲದವು. ಹುಡುಗ ತನ್ನ ಪುಸ್ತಕದಲ್ಲಿ ಮೂರು ಅಂತಗಳನ್ನು ಮೂರು ಬಣ್ಣದ ಪೆನ್ಸಿಲಿನಲ್ಲಿ ಬರೆದುಕೊಂಡ. ನಾನು ಹೇಳಿಕೊಟ್ಟದ್ದಲ್ಲ ಅದು.

ನಮ್ಮ ಮಕ್ಕಳು ಹೀಗೆಯೇ ಬೆಳೆಯುತ್ತಾರೆ. ಸಪ್ತಭಾಷಾ ಸಂಗಮ ಎಂದು ಭಾಷಣಗಳಲ್ಲಿ ಹೇಳುವುದನ್ನು ಕೇಳಿ ಕೇಳಿ ಬೇಸತ್ತಿದ್ದೇನೆ. ಆದರೆ ಮದುವೆಮನೆಯ ಅಡಿಗೆ ಕೊಟ್ಟಿಗೆಗೆ ಹೋದರೆ ಆ ಮಾತಿನ ನಿಜ ಕಾಣುತ್ತದೆ. ಅಲ್ಲಿ ತೂ ಎಂದರೆ ತುಳುವರಿಗೆ ಬೆಂಕಿ, ನೋಡು ಎನ್ನುವುದಕ್ಕೂ ಅದೇ. ಕೊಂಕಣಿಯವರಿಗೆ, ಒಂದಿಷ್ಟು ಮೂಗಿನಲ್ಲಿ ಹೇಳಿದರೆ, ನೀನು. ಕನ್ನಡದ ಕಿವಿಗೆ ಉಗುಳಿದ ತಿರಸ್ಕಾರ. ಯಾರೂ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಶಬ್ದ ಬಂದ ಕೂಡಲೇ ಅರ್ಥಕ್ಕೆ ಹಾರುವುದಿಲ್ಲ ನಮ್ಮವರು. ಹೇಳಿದವರು ಯಾರು ಎಂದು ಒಂದು ಗಳಿಗೆ ಮುಖ ನೋಡುತ್ತಾರೆ. ಘಟ್ಟದ ಮೇಲಿನ ನನ್ನ ಸ್ನೇಹಿತೆ ಇದನ್ನು ನಿಧಾನ ಎನ್ನುತ್ತಾಳೆ. ನಿಧಾನವಲ್ಲ ಅದು, ಮರ್ಯಾದೆ.

2020ರ ಮಾರ್ಚ್ ಕೊನೆಯಲ್ಲಿ ನನಗೆ ಆ ಒಂದು ಗಳಿಗೆ ತಪ್ಪಿತು.

ಅಮ್ಮನಿಗೆ ವಾರಕ್ಕೆರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರೇ. ಅಂದು ಗಡಿಯ ತಲಪಾಡಿಗೆ ಹೋದರೆ, ಕೊರೊನಾ ಎಂದು ದಾರಿ ಮುಚ್ಚಿತ್ತು. ಒಳರಸ್ತೆಗಳಿಗೆ ಮಣ್ಣು ಸುರಿದಿದ್ದರು, ಆಳೆತ್ತರದ ಕೆಂಪು ಮಣ್ಣಿನ ರಾಶಿ. ಆ ದಿನಗಳಲ್ಲಿ ಆಸ್ಪತ್ರೆ ತಲುಪಲಾಗದೆ ಗಡಿಯ ಈಚೆಗೇ ತೀರಿಕೊಂಡವರಿದ್ದಾರೆ. ಅರ್ಧ ಗಂಟೆ ಬೇಡಿಕೊಂಡೆವು. ಆಮೇಲೆ ಕಾರು ತಿರುಗಿಸಿದ ಡ್ರೈವರ್, ನಮ್ಮ ತೋಟದ ಕೆಲಸಕ್ಕೂ ಬರುವ ತುಳುವ ಹುಡುಗ, ಕನ್ನಡಿಯಲ್ಲಿ ಅಮ್ಮನನ್ನು ನೋಡಿ ಮೆಲ್ಲ ಹೇಳಿದ: "ಎಲ್ಲೆ ತೂಕ."

ನಾನು ಇನ್ನೂ ಆ ಮಣ್ಣಿನ ರಾಶಿಯನ್ನೇ ನೋಡುತ್ತಿದ್ದೆ. ನನಗೆ ಕೇಳಿಸಿದ್ದು ಕನ್ನಡ. ಎಲ್ಲೆ, ಗಡಿ. ತೂಕ, ಭಾರ. ಎಂಥ ಮಾತು ಹೇಳಿದ ಇವನು ಎಂದು ಎದೆ ಹಿಂಡಿತು. ಪಕ್ಕದಲ್ಲಿ ಅಮ್ಮ ತಲೆಯಾಡಿಸಿ "ಸರಿ ಮಗಾ, ಎಲ್ಲೆ ಬಲ" ಎಂದರು. ಆಗ ಕಿವಿ ತಿರುಗಿತು. ತುಳುವಿನಲ್ಲಿ ಎಲ್ಲೆ ಎಂದರೆ ನಾಳೆ. ತೂಕ ಎಂದರೆ ನೋಡೋಣ. ನಾಳೆ ನೋಡೋಣ ಎಂದಿದ್ದ ಅವನು, ಅಮ್ಮ ನಾಳೆ ಬಾ ಎಂದಿದ್ದರು.

ಮರುದಿನ ಬೆಳಿಗ್ಗೆ ಆರಕ್ಕೆ ಬಂದ. ರಾತ್ರಿಯಿಡೀ ಫೋನ್ ಮಾಡಿ ತೆಂಕಣ ಊರೊಂದರ ಆಸ್ಪತ್ರೆಯಲ್ಲಿ ಒಂದು ಹೊತ್ತು ಸಿಕ್ಕಿತ್ತು. ಕಾರು ಚಂದ್ರಗಿರಿ ಸೇತುವೆ ದಾಟಿತು. ಹೊಳೆ ತುಂಬ ಎಳೆಬಿಸಿಲು. ಆಸ್ಪತ್ರೆಯ ಬಾಗಿಲಲ್ಲಿ ಮುಖ ಮುಚ್ಚಿಕೊಂಡ ನರ್ಸ್ ಅಮ್ಮನ ಹಣೆಗೆ ಬಂದೂಕಿನಂಥ ಥರ್ಮಾಮೀಟರ್ ಹಿಡಿದು ಕೇಳಿದಳು: "ಪನಿ ಉಂಡೋ, ಅಮ್ಮೇ?"

ನಾನು ಅನುವಾದಿಸಲು ಬಾಯಿ ತೆರೆದೆ. ಅಮ್ಮ ನನ್ನ ಕಡೆ ನೋಡಲೂ ಇಲ್ಲ.

"ಇಲ್ಲ" ಎಂದರು.

ಇಲ್ಲ ಅಂತ ಅವಳು ಬರೆದುಕೊಂಡಳು.